ಯಂತ್ರಕ್ಕೆ ಹೇಳುವ ಮಾತು

ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆತ ದಿನ ಮನೆಯಲ್ಲಿ ಸಂಭ್ರಮ, ಮರುದಿನದಿಂದ ಚಿಂತೆ. ಮಧ್ಯಮ ವರ್ಗದ ಕುಟುಂಬಗಳಲ್ಲಿ ಇದು ವರ್ಷವರ್ಷವೂ ನಡೆದುಬರುವ ಸಂಗತಿ. ಶುಲ್ಕದ ಚಿಂತೆ, ಹಾಸ್ಟೆಲಿನ ಚಿಂತೆ, ಲ್ಯಾಪ್‌ಟಾಪಿನ ಚಿಂತೆ ಇವೆಲ್ಲ ಹೇಗೋ ಬಗೆಹರಿಯುತ್ತವೆ. ಕೊನೆಗೆ ಉಳಿಯುವುದು ಒಂದು ಪ್ರಶ್ನೆ. ಅದಕ್ಕೆ ಉತ್ತರ ಮನೆಯವರಿಗೆ ತಿಳಿಯದು. ತಿಳಿದವರು ಹೇಳುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಕಂಪ್ಯೂಟರಿನ ಭಾಷೆಗಳಲ್ಲಿ ಯಾವುದನ್ನು ಮೊದಲು ಕಲಿಯಬೇಕು?

ಮೈಸೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಕಾಲ 2023ರ ಮಳೆಗಾಲ. ತಂದೆಗೆ ಒಂದು ಸಣ್ಣ ದಿನಸಿ ಅಂಗಡಿ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿ.ಯು.ಸಿ.ಯಲ್ಲಿ ಇಂಗ್ಲಿಷಿನ ಭಾರಕ್ಕೆ ಮೊದಲ ಆರು ತಿಂಗಳು ಗುಟ್ಟಾಗಿ ಕಣ್ಣೀರಿಟ್ಟು, ಆಮೇಲೆ ಹಠದಿಂದ ಓದಿ, ಕಂಪ್ಯೂಟರ್ ವಿಭಾಗದಲ್ಲಿಯೇ ಸೀಟು ಗಿಟ್ಟಿಸಿಕೊಂಡವಳು. ಕಾಲೇಜು ಆರಂಭವಾಗಲು ಇನ್ನೂ ಆರು ವಾರಗಳಿವೆ. ಬಸ್ ನಿಲ್ದಾಣದ ಬಳಿ ಯಾರೋ ಕೈಗಿತ್ತ ಕರಪತ್ರವೊಂದು ದೇವರ ಗೂಡಿನ ಪಕ್ಕದಲ್ಲಿ ಬಿದ್ದಿದೆ: ಮೂರು ತಿಂಗಳಲ್ಲಿ ನಾಲ್ಕು ಭಾಷೆಗಳನ್ನು ಕಲಿಸಿ, ನಾಲ್ಕು ಪ್ರಮಾಣಪತ್ರಗಳನ್ನು ಕೊಡುತ್ತಾರಂತೆ. ಅವರು ಕೇಳುವ ಹಣಕ್ಕೂ, ಅಂಗಡಿಗೆ ಒಂದು ಫ್ರಿಜ್ ತರಬೇಕೆಂದು ತಂದೆ ಕೂಡಿಟ್ಟ ಹಣಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

“ಪೈಥಾನ್ ಕಲಿಯಲಿ ಭಾವ, ಈಗ ಎಲ್ಲೆಲ್ಲೂ ಅದೇ,” ಎನ್ನುತ್ತಾನೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಮಾವ. ಎದುರು ಮನೆಯ ಹುಡುಗ ಜಾವಾ ಬಾರದವರಿಗೆ ನೌಕರಿಯೇ ಇಲ್ಲವೆಂದು ಹೆದರಿಸುತ್ತಾನೆ. ಮೂರನೆಯವರೊಬ್ಬರು ಇನ್ನೂ ಮುಂದೆ ಹೋಗಿ, “ಇನ್ನು ಪ್ರೋಗ್ರಾಮು ಬರೆಯುವುದು ಯಂತ್ರದ್ದೇ ಕೆಲಸ, ಹುಡುಗಿಯನ್ನು ಬೇರೆ ವಿಭಾಗಕ್ಕೆ ಹಾಕಬೇಕಿತ್ತು ನೀವು,” ಎಂದು ಕಾಫಿ ಕುಡಿದು ಹೊರಟುಹೋಗುತ್ತಾರೆ. ತಂದೆ ಮಗಳ ಮುಖ ನೋಡುತ್ತಾನೆ. ಮಗಳು ಕರಪತ್ರದ ಮುಖ ನೋಡುತ್ತಾಳೆ.

ಈ ಮೂವರೂ ತಮಗೆ ತಿಳಿದ ಮಟ್ಟಿಗೆ ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು ಅದು. ಆದರೆ ಮೂವರೂ ಒಂದು ವಿಷಯವನ್ನು ಮರೆತಿದ್ದಾರೆ. ಯಂತ್ರಕ್ಕೆ ಯಾವ ಭಾಷೆಯಲ್ಲಿ ಹೇಳಬೇಕೆಂಬ ಪ್ರಶ್ನೆಗಿಂತ ಮೊದಲು, ಹೇಳಬೇಕಾದುದು ಏನೆಂಬುದು ಹೇಳುವವನಿಗೆ ಸ್ಪಷ್ಟವಾಗಿರಬೇಕು.

ನಾಲ್ಕರಲ್ಲಿ ಒಂದು

ಆಯ್ಕೆಯ ಪ್ರಶ್ನೆ ಬರಿಯ ಜಗುಲಿಯ ಹರಟೆಯೆಂದು ತಳ್ಳಿಹಾಕುವಂತಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು 2022ರಲ್ಲಿ ಜಾರಿಗೆ ತಂದ ಪಠ್ಯಕ್ರಮದಲ್ಲಿ, ಮೊದಲ ವರ್ಷದ ವಿದ್ಯಾರ್ಥಿಗಳಿಗಾಗಿ ಪ್ರೋಗ್ರಾಮಿಂಗ್ ಭಾಷೆಗಳ ಒಂದು ಗುಂಪನ್ನೇ ಇರಿಸಲಾಗಿತ್ತು: ಜಾಲತಾಣಗಳ ರಚನೆ, ಪೈಥಾನ್, ಜಾವಾ, ಸಿ ಪ್ಲಸ್ ಪ್ಲಸ್. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಾಗಿತ್ತು. ಗಣಕ ವಿಭಾಗದವರಿಗೆ ಸಿ ಭಾಷೆಯ ಪಾಠ ಬೇರೆಯಾಗಿಯೇ ಇದ್ದಿತು. ಕಾಗದದ ಮೇಲೆ ನಾಲ್ಕು ಬಾಗಿಲುಗಳಿದ್ದರೂ, ಕಾಲೇಜಿನಲ್ಲಿ ಯಾವ ವಿಷಯಕ್ಕೆ ಬೋಧಕರಿರುವರೋ ಆ ಬಾಗಿಲು ಮಾತ್ರ ತೆರೆದಿರುವುದೂ ಉಂಟು. ಅದು ಬೇರೆ ಮಾತು.

ಈ ಭಾಷೆಗಳ ನಡುವೆ ವ್ಯತ್ಯಾಸವೇ ಇಲ್ಲವೆಂದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಎಂಬಾತ 1972ರ ಸುಮಾರಿಗೆ ರೂಪಿಸಿದ ಸಿ ಭಾಷೆ ಮಿತಭಾಷಿ, ಬಿಗುಮಾನದ್ದು. ಅದರಲ್ಲಿ 7ನ್ನು 2ರಿಂದ ಭಾಗಿಸೆಂದು ಬರೆದರೆ 3 ಎಂಬ ಉತ್ತರ ಬರುತ್ತದೆ. ಎರಡೂ ಪೂರ್ಣಾಂಕಗಳಾದ್ದರಿಂದ ಉತ್ತರವೂ ಪೂರ್ಣಾಂಕವೇ ಆಗಬೇಕೆಂಬುದು ಅದರ ನಿಯಮ. ಮೂರು ವಿಷಯಗಳ ಅಂಕಗಳ ಸರಾಸರಿ ತೆಗೆಯಹೊರಟ ಹೊಸಬನಿಗೆ ದಶಾಂಶವೆಲ್ಲಿ ಮಾಯವಾಯಿತೆಂದು ತಿಳಿಯದೆ ಒಂದು ಮಧ್ಯಾಹ್ನವೇ ಕಳೆದುಹೋಗುತ್ತದೆ. ಹಾಲೆಂಡಿನ ಗೈಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್ ಅಷ್ಟು ಕಠಿಣಚಿತ್ತದ್ದಲ್ಲ. ಇಂದಿನ ಪೈಥಾನಿನಲ್ಲಿ ಅದೇ ಪ್ರಶ್ನೆಗೆ 3.5 ಎಂಬ ಉತ್ತರವೇ ಬರುತ್ತದೆ. ಅಂದಹಾಗೆ, ಈ ಹೆಸರು ಹೆಬ್ಬಾವಿನಿಂದ ಬಂದುದಲ್ಲ. ಬ್ರಿಟಿಷರ ಒಂದು ಹಾಸ್ಯ ತಂಡದ ಹೆಸರಿನಿಂದ ಬಂದುದು. ಹೊಸಬರು ಪೈಥಾನಿನಿಂದ ಆರಂಭಿಸಿದರೆ ಮೊದಲ ವಾರಗಳಲ್ಲಿ ಸೋಲು ಕಡಿಮೆ. ಸಿ ಭಾಷೆಯಿಂದ ಆರಂಭಿಸಿದರೆ ಯಂತ್ರದ ಒಳಗೆ ನಡೆಯುವುದೇನೆಂಬುದರ ಅರಿವು ಬೇಗ. ಕನ್ನಡ ಮಾಧ್ಯಮದಿಂದ ಬಂದು ಅಂಜಿಕೊಂಡಿರುವ ವಿದ್ಯಾರ್ಥಿನಿಗೆ ಆಯ್ಕೆಯಿದ್ದಲ್ಲಿ ಪೈಥಾನ್ ಮೇಲು. ಆದರೆ ಅದಕ್ಕೂ ಮೊದಲು ಆರು ವಾರಗಳಿವೆಯಷ್ಟೆ? ಆ ಆರು ವಾರಗಳಲ್ಲಿ ಮಾಡಬೇಕಾದ ಕೆಲಸಕ್ಕೆ ಕಂಪ್ಯೂಟರೇ ಬೇಕಿಲ್ಲ.

ಇದು ಉತ್ಪ್ರೇಕ್ಷೆಯೆಂದು ತೋರಬಹುದು. ಹಿಂದಿನದನ್ನು ಸ್ವಲ್ಪ ತಿರುಗಿ ನೋಡಿದರೆ ಹಾಗೆ ತೋರುವುದಿಲ್ಲ.

ರಂಧ್ರ ಕೊರೆದ ಕಾರ್ಡುಗಳು

ಭಾರತದ ಕಾಲೇಜು ವಿದ್ಯಾರ್ಥಿಗಳು ಪ್ರೋಗ್ರಾಮಿಂಗನ್ನು ಪಾಠವಾಗಿ ಕಲಿಯತೊಡಗಿದ ಮೊದಲ ಸ್ಥಳಗಳಲ್ಲಿ ಕಾನಪುರದ ಐ.ಐ.ಟಿ. ಮುಖ್ಯವಾದುದು. 1963ರಲ್ಲಿ ಅಲ್ಲಿಗೆ ಐ.ಬಿ.ಎಂ. 1620 ಎಂಬ ಯಂತ್ರ ಬಂದಿತು. ಅಲ್ಲಿ ಕಲಿಸಿದವರಲ್ಲಿ ಪ್ರೊಫೆಸರ್ ವಿ. ರಾಜಾರಾಮನ್ ಒಬ್ಬರು, ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1969ರಲ್ಲಿ ಪ್ರಕಟವಾದ ಅವರ ಪ್ರೋಗ್ರಾಮಿಂಗ್ ಪಠ್ಯಪುಸ್ತಕದಿಂದ ತಲೆಮಾರುಗಳ ವಿದ್ಯಾರ್ಥಿಗಳು ಈ ವಿದ್ಯೆಯ ಓನಾಮವನ್ನು ಕಲಿತರು.

ಆ ಕಾಲದ ವಿದ್ಯಾರ್ಥಿಯ ಎದುರು ಪರದೆಯಿರಲಿಲ್ಲ. ಒಂದು ಸಾಲಿಗೆ ಒಂದು ಕಾರ್ಡು; ಒಂದು ಕಾರ್ಡಿನಲ್ಲಿ 80 ಕಂಬಗಳು; ಪ್ರತಿಯೊಂದು ಅಕ್ಷರಕ್ಕೂ ನಿಗದಿಯಾದ ರಂಧ್ರಗಳು. ಕಾರ್ಡುಗಳ ಕಟ್ಟನ್ನು ಯಂತ್ರ ನಡೆಸುವವರ ಕೈಗೆ ಕೊಟ್ಟು ಬಂದರೆ ಫಲಿತಾಂಶದ ಹಾಳೆ ದೊರೆಯುವುದು ಗಂಟೆಗಳ ಮೇಲೆ, ಕೆಲವು ವೇಳೆ ಮರುದಿನ. ಒಂದು ಅಲ್ಪವಿರಾಮ ತಪ್ಪಿದ್ದರೂ ಆ ದಿನವೆಲ್ಲ ವ್ಯರ್ಥ. ಆದ್ದರಿಂದ ಕಾರ್ಡು ಕೊರೆಯುವ ಮೊದಲು ಅವರು ಪೆನ್ಸಿಲು ಹಿಡಿದು, ತಾವೇ ಯಂತ್ರವಾಗಿ, ಪ್ರತಿಯೊಂದು ಸಾಲನ್ನೂ ಕಾಗದದ ಮೇಲೆ ನಡೆಸಿ ನೋಡುತ್ತಿದ್ದರು. ಈಗ ಗುಂಡಿಯೊತ್ತಿದ ಕ್ಷಣದಲ್ಲಿ ಉತ್ತರ ಬರುತ್ತದೆ; ತಪ್ಪಿದ್ದರೆ ಒಂದು ಅಕ್ಷರ ಬದಲಿಸಿ ಮತ್ತೆ ಒತ್ತಬಹುದು. ಹೀಗೆ ಹತ್ತು ಸಲ ಒತ್ತಿ ಸರಿಯಾದ ಉತ್ತರ ಬಂದಾಗ, ಅದು ಏಕೆ ಸರಿಯಾಯಿತೆಂಬುದು ಒತ್ತಿದವನಿಗೂ ತಿಳಿದಿರುವುದಿಲ್ಲ. ಸೌಕರ್ಯದ ಜೊತೆಗೆ ಬಂದ ಕಷ್ಟವಿದು.

ಭಾಷೆಗಳಾದರೋ ಬಂದವು, ಹೋದವು. ಕಾನಪುರದವರು ಬರೆದದ್ದು 1957ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಫೋರ್‌ಟ್ರಾನಿನಲ್ಲಿ. 1964ರ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಎಂಬ ಭಾಷೆ ಮೊದಲ ಬಾರಿಗೆ ನಡೆಯಿತು. ಅದನ್ನು ರೂಪಿಸಿದ ಕೆಮೆನಿ ಮತ್ತು ಕರ್ಟ್ಸ್ ಇಬ್ಬರೂ ಗಣಿತದ ಅಧ್ಯಾಪಕರು. ವಿಜ್ಞಾನ ಓದದ, ಸಾಹಿತ್ಯ ಇತಿಹಾಸಗಳನ್ನು ಓದುವ ಹುಡುಗರೂ ಯಂತ್ರವನ್ನು ಬಳಸುವಂತಾಗಬೇಕೆಂಬುದು ಅವರ ಹಂಬಲವಾಗಿತ್ತು. ಬಳಿಕ 1970ರಲ್ಲಿ ಪಾಸ್ಕಲ್, 1995ರಲ್ಲಿ ಜಾವಾ. ಒಂದೊಂದು ಕಾಲದಲ್ಲಿಯೂ ಒಬ್ಬ ಸೋದರಮಾವ ಒಂದೊಂದು ಭಾಷೆಯ ಹೆಸರು ಹೇಳಿ, ಇದು ಬಂದರೆ ಸಾಕು ಎಂದಿದ್ದಾನು. ಪೆನ್ಸಿಲು ಹಿಡಿದು ಯೋಚಿಸಲು ಕಲಿತವರು ಮಾತ್ರ ಒಂದರಿಂದ ಇನ್ನೊಂದಕ್ಕೆ ಹೆಚ್ಚು ಶ್ರಮವಿಲ್ಲದೆ ದಾಟಿದರು.

ಅಂಗಡಿಯ ಚೀಟಿಗಳು

ಮದರಾಸಿನ ಐ.ಐ.ಟಿ.ಯು 2020ರಲ್ಲಿ ದತ್ತಾಂಶ ವಿಜ್ಞಾನದ ಒಂದು ದೂರಶಿಕ್ಷಣ ಪದವಿಯನ್ನು ಆರಂಭಿಸಿತು. ಅದಕ್ಕೆ ಸೇರಬಯಸುವವರು ಮೊದಲು ನಾಲ್ಕು ವಾರಗಳ ಪಾಠ ಕೇಳಿ ಪರೀಕ್ಷೆ ಬರೆಯಬೇಕು. ಇಂಗ್ಲಿಷು, ಗಣಿತ, ಸಂಖ್ಯಾಶಾಸ್ತ್ರಗಳ ಜೊತೆಗೆ ಅಲ್ಲಿರುವ ನಾಲ್ಕನೆಯ ವಿಷಯ ಗಣಕಚಿಂತನೆ. ಅದರಲ್ಲಿ ಕಂಪ್ಯೂಟರಿನ ಭಾಷೆಯೇ ಇಲ್ಲ! ಪೈಥಾನ್ ಬರುವುದು ಅದಾದ ಬಳಿಕ. ಅಧ್ಯಾಪಕರು ಮೇಜಿನ ಮೇಲೆ ಒಂದು ಕಟ್ಟು ಚೀಟಿಗಳನ್ನಿಟ್ಟುಕೊಂಡು ಪಾಠ ಹೇಳುತ್ತಾರೆ. ವಿದ್ಯಾರ್ಥಿಗಳ ಅಂಕಪಟ್ಟಿ ಒಂದು ಕಟ್ಟು, ಅಂಗಡಿಯ ಬಿಲ್ಲುಗಳು ಒಂದು ಕಟ್ಟು, ಒಂದು ಗದ್ಯಭಾಗದ ಪದಗಳು ಮತ್ತೊಂದು ಕಟ್ಟು. ಮೇಲಿನ ಚೀಟಿಯನ್ನು ತೆಗೆ, ಓದು, ಬೇಕಾದುದನ್ನು ಗುರುತು ಹಾಕಿಕೊ, ಚೀಟಿಯನ್ನು ಎರಡನೆಯ ಕಟ್ಟಿಗೆ ಹಾಕು, ಮೊದಲ ಕಟ್ಟು ಬರಿದಾಗುವವರೆಗೆ ಹೀಗೆಯೇ ಮಾಡು. ಪ್ರೋಗ್ರಾಮಿಂಗಿನ ಅರ್ಧ ವಿದ್ಯೆ ಇಷ್ಟರಲ್ಲಿಯೇ ಅಡಗಿದೆ.

ದಿನಸಿ ಅಂಗಡಿಯ ಮಗಳಿಗೆ ಬಿಲ್ಲುಗಳ ಅಭಾವವೇ? ಒಂದು ಸಂಜೆ ಅವಳು ತಂದೆಯ ಗಲ್ಲಾಪೆಟ್ಟಿಗೆಯಿಂದ ಮೂವತ್ತು ಚೀಟಿಗಳನ್ನು ತಂದು ನೆಲದ ಮೇಲೆ ಹರಡಿಕೊಂಡು ಕೂಡುತ್ತಾಳೆ ಎಂದುಕೊಳ್ಳಬಹುದು. ಆ ದಿನದ ಅತ್ಯಂತ ದೊಡ್ಡ ಬಿಲ್ಲು ಯಾವುದು? ಮನುಷ್ಯನ ಕಣ್ಣು ಎಲ್ಲವನ್ನೂ ಒಮ್ಮೆಗೇ ಹಾಯ್ದು ಹೇಳಿಬಿಡುತ್ತದೆ. ಯಂತ್ರಕ್ಕೆ ಆ ಭಾಗ್ಯವಿಲ್ಲ. ಅದು ಒಂದು ಸಲಕ್ಕೆ ಒಂದೇ ಚೀಟಿಯನ್ನು ನೋಡಬಲ್ಲದು. ಆದ್ದರಿಂದ ಪಕ್ಕದ ಹಾಳೆಯಲ್ಲಿ “ಈವರೆಗಿನ ದೊಡ್ಡದು” ಎಂದು ಬರೆದು, ಅದರ ಮುಂದೆ ಸೊನ್ನೆ ಹಾಕಿ ಆರಂಭಿಸುತ್ತಾಳೆ. ಕೈಗೆ ಬಂದ ಬಿಲ್ಲಿನ ಮೊತ್ತ ಅದಕ್ಕಿಂತ ಹೆಚ್ಚಾಗಿದ್ದರೆ ಹಳೆಯದನ್ನು ಹೊಡೆದು ಹೊಸದನ್ನು ಬರೆಯುತ್ತಾಳೆ. ಮೂವತ್ತೂ ಮುಗಿದಾಗ ಹಾಳೆಯಲ್ಲಿ ಉಳಿದದ್ದೇ ಉತ್ತರ. ಸರಿಯಾಯಿತು.

ಇನ್ನು ಅತ್ಯಂತ ಚಿಕ್ಕ ಬಿಲ್ಲು. ಅದೇ ಉಪಾಯ, “ಹೆಚ್ಚು” ಎಂಬಲ್ಲಿ “ಕಡಿಮೆ” ಎಂದರಾಯಿತು. ಮತ್ತೆ ಸೊನ್ನೆಯಿಂದ ಆರಂಭ. ಮೊದಲ ಬಿಲ್ಲು 140 ರೂಪಾಯಿ; ಅದು ಸೊನ್ನೆಗಿಂತ ಕಡಿಮೆಯಲ್ಲ, ಬಿಟ್ಟಳು. ಎರಡನೆಯದು 35, ಅದನ್ನೂ ಬಿಟ್ಟಳು. ಹೀಗೆ ಮೂವತ್ತನ್ನೂ ಬಿಟ್ಟ ಮೇಲೆ ಹಾಳೆಯ ಮೇಲೆ ಉಳಿದದ್ದು ಸೊನ್ನೆ! ಸೊನ್ನೆ ರೂಪಾಯಿಯ ಬಿಲ್ಲನ್ನು ಯಾವ ಅಂಗಡಿಯವನೂ ಬರೆದಿರಲಾರ. ತಪ್ಪು ಎಲ್ಲಿ? ಹತ್ತು ನಿಮಿಷ ಹುಬ್ಬುಗಂಟಿಕ್ಕಿದ ಬಳಿಕ ಹೊಳೆಯುತ್ತದೆ: ಸೊನ್ನೆಯಿಂದ ಆರಂಭಿಸಿದ್ದೇ ತಪ್ಪು, ಮೊದಲ ಬಿಲ್ಲಿನ ಮೊತ್ತದಿಂದಲೇ ಆರಂಭಿಸಬೇಕಿತ್ತು. ಈ ಹತ್ತು ನಿಮಿಷಗಳಿಗೆ ಬೆಲೆ ಕಟ್ಟಲಾಗದು. ಇದೇ ತಪ್ಪನ್ನು ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಹುಡುಗರು ಇಂಗ್ಲಿಷಿನಲ್ಲಿ ಮಾಡುತ್ತಾರೆ. ಅವಳು ಮನೆಯ ನೆಲದ ಮೇಲೆ ಕನ್ನಡದಲ್ಲಿ ಮಾಡಿ ತಿದ್ದಿಕೊಂಡಳು.

ಕನ್ನಡದಲ್ಲಿ ಎಂದುದು ಸುಮ್ಮನೆ ಅಲ್ಲ. ಕನ್ನಡ ಮಾಧ್ಯಮದ ಮಕ್ಕಳನ್ನು ಒಳಗೊಳಗೇ ತಿನ್ನುವ ಭಯವೆಂದರೆ ತಮಗೆ ಇಂಗ್ಲಿಷು ಸಾಲದೆಂಬುದು. ಪಠ್ಯಪುಸ್ತಕ ಓದಲು, ಪರೀಕ್ಷೆ ಬರೆಯಲು, ಮುಂದೆ ನೌಕರಿ ಮಾಡಲು ಇಂಗ್ಲಿಷು ಬೇಕೇ ಬೇಕು. ಅದರಲ್ಲಿ ತಮ್ಮನ್ನು ತಾವು ಮೋಸಗೊಳಿಸಿಕೊಳ್ಳುವುದು ಬೇಡ. ಆದರೆ ಕಂಪ್ಯೂಟರಿನ ಭಾಷೆಯಲ್ಲಿರುವ ಇಂಗ್ಲಿಷು ಪದಗಳೆಷ್ಟು? ಪೈಥಾನಿನ ಕಾಯ್ದಿರಿಸಿದ ಪದಗಳು ನಾಲ್ವತ್ತನ್ನೂ ದಾಟುವುದಿಲ್ಲ. ಒಂದು ವಾರದಲ್ಲಿ ಬಾಯಿಗೆ ಬರುತ್ತವೆ. ಬಾರದಿರುವುದು ಅವುಗಳ ಹಿಂದಿನ ಆಲೋಚನೆ.

ಈ ಶಾಸ್ತ್ರದ ಮಹಾರಥಿಗಳಲ್ಲೊಬ್ಬನಾದ ಎಡ್ಸ್‌ಗರ್ ಡೈಕ್‌ಸ್ಟ್ರಾ ಹಾಲೆಂಡಿನವನು. 1972ರ ಟ್ಯೂರಿಂಗ್ ಪ್ರಶಸ್ತಿ ಪಡೆದವನು. 1975ರ ಒಂದು ಟಿಪ್ಪಣಿಯಲ್ಲಿ ಅವನು, ಗಣಿತದ ಒಲವಿನ ಜೊತೆಗೆ ಒಳ್ಳೆಯ ಪ್ರೋಗ್ರಾಮರನಿಗೆ ಅತ್ಯಗತ್ಯವಾದುದು ತನ್ನ ತಾಯಿನುಡಿಯ ಮೇಲಿನ ಅಸಾಧಾರಣ ಹಿಡಿತ ಎಂಬ ಅಭಿಪ್ರಾಯ ಕೊಟ್ಟಿದ್ದಾನೆ. ಇಂಗ್ಲಿಷು ಅವನ ತಾಯಿನುಡಿಯಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಎರಡು ಊರುಗಳ ನಡುವಣ ಅತ್ಯಂತ ಹತ್ತಿರದ ದಾರಿಯನ್ನು ಕಂಡುಹಿಡಿಯುವ, ಇಂದಿಗೂ ಅವನ ಹೆಸರಿನಿಂದಲೇ ಕರೆಯುವ ವಿಧಾನವು 1956ರಲ್ಲಿ ಅವನಿಗೆ ಹೊಳೆದದ್ದು ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಹೋಟೆಲಿನಲ್ಲಿ. ತಾನು ಮದುವೆಯಾಗಲಿದ್ದ ಹುಡುಗಿಯೊಡನೆ ಅಂಗಡಿಗಳನ್ನು ಸುತ್ತಿ ದಣಿದು ಕುಳಿತಿದ್ದನಂತೆ. ಇಪ್ಪತ್ತು ನಿಮಿಷಗಳ ಕೆಲಸ. ಕಾಗದವೂ ಇಲ್ಲ, ಪೆನ್ಸಿಲೂ ಇಲ್ಲ.

ಲಘು, ಗುರು ಮತ್ತು ಯಂತ್ರ

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಛಂದಸ್ಸಿನ ಪಾಠ ಬಂದಾಗ ಆಕಳಿಸಿದ ಮಕ್ಕಳಿಗೆ ಅದು ಪ್ರೋಗ್ರಾಮಿಂಗಿಗೆ ಎಂತಹ ಸಿದ್ಧತೆಯೆಂಬುದು ಗೊತ್ತಿರಲಾರದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಗಳ ಗಣ ಎಷ್ಟು ಬಗೆಯಲ್ಲಿ ಬರಬಹುದು? ಕಮಲ, ರಾಮ, ರಮಾ, ಮೂರೇ ಬಗೆ. ನಾಲ್ಕು ಮಾತ್ರೆಗಳಿಗೆ ಐದು. ಐದಕ್ಕೆ ಎಂಟು. ಆರಕ್ಕೆ?

ಎಲ್ಲವನ್ನೂ ಬರೆದು ಎಣಿಸಬಹುದು. ಇನ್ನೊಂದು ದಾರಿಯೂ ಉಂಟು. ಆರು ಮಾತ್ರೆಗಳ ಗಣದ ಕೊನೆಯ ಅಕ್ಷರ ಲಘುವಾಗಿರಬೇಕು ಇಲ್ಲವೇ ಗುರುವಾಗಿರಬೇಕು. ಲಘುವಾದರೆ ಅದರ ಹಿಂದೆ ಐದು ಮಾತ್ರೆಗಳು ಉಳಿದವು. ಅವಕ್ಕೆ ಎಂಟು ಬಗೆ. ಗುರುವಾದರೆ ಹಿಂದೆ ಉಳಿದವು ನಾಲ್ಕು. ಅವಕ್ಕೆ ಐದು ಬಗೆ. ಕೂಡಿದರೆ ಹದಿಮೂರು. ನಮ್ಮ ಪ್ರಾಚೀನ ಛಂದಶ್ಶಾಸ್ತ್ರಜ್ಞರಾದ ವಿರಹಾಂಕ, ಹೇಮಚಂದ್ರ ಮೊದಲಾದವರು ಕಂಡುಕೊಂಡಿದ್ದ ಈ ಸಂಖ್ಯಾಮಾಲೆ ಪಶ್ಚಿಮದಲ್ಲಿ ಫಿಬೊನಾಚಿಯ ಹೆಸರಿನಿಂದ ಪ್ರಸಿದ್ಧವಾಯಿತು. ದೊಡ್ಡ ಪ್ರಶ್ನೆಯನ್ನು ಅದೇ ಜಾತಿಯ ಎರಡು ಚಿಕ್ಕ ಪ್ರಶ್ನೆಗಳಾಗಿ ಒಡೆಯುವ ಈ ಉಪಾಯ ಕಂಪ್ಯೂಟರ್ ಪಠ್ಯಗಳಲ್ಲಿ ಒಂದು ಅಧ್ಯಾಯವನ್ನೇ ಆಕ್ರಮಿಸಿಕೊಂಡಿದೆ. ಅಲ್ಲಿಗೆ ಬಂದಾಗ ಬಹುಮಂದಿ ವಿದ್ಯಾರ್ಥಿಗಳು ತಡವರಿಸುತ್ತಾರೆ. ಮಾತ್ರೆ ಎಣಿಸಿ ಬಲ್ಲವರಿಗೆ ಅದು ಹಳೆಯ ಪರಿಚಯ.

ಯಂತ್ರಕ್ಕೆ ಕನ್ನಡ ತಿಳಿಯುವ ಬಗೆಯೂ ಸ್ವಾರಸ್ಯವಾದುದು. “ಕನ್ನಡ” ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆಯೆಂದು ಪೈಥಾನನ್ನು ಕೇಳಿದರೆ ಐದು ಎನ್ನುತ್ತದೆ. ಒಂದನೆಯ ತರಗತಿಯ ಮಗು ಮೂರು ಎಂದೀತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯೂನಿಕೋಡ್ ಪದ್ಧತಿಯಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ; “ನ್ನ” ಎಂಬುದನ್ನು ನ, ಸ್ವರವನ್ನು ಅಳಿಸುವ ಒಂದು ಚಿಹ್ನೆ, ಮತ್ತೊಂದು ನ ಎಂದು ಮೂರಾಗಿ ಬರೆದಿಡುತ್ತಾರೆ. ಮುಂದಿನ ಕ, ಹಿಂದಿನ ಡ ಸೇರಿ ಐದು. ಹಾಗಾದರೆ ಮೂರು ಎಂದು ಹೇಳಿಸುವುದು ಹೇಗೆ? ಇಂತಹ ಪ್ರಶ್ನೆ ಕನ್ನಡ ಬಲ್ಲವರಿಗೆ ಮಾತ್ರ ಹುಟ್ಟುತ್ತದೆ. ಉತ್ತರವನ್ನೂ ಅವರೇ ಹುಡುಕಬೇಕು.

ಇನ್ನು ಕಾಫಿ ಕುಡಿದು ಹೋದವರ ಮಾತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದಂದಿನಿಂದ ಮೊದಲ ವರ್ಷದ ಅಭ್ಯಾಸದ ಲೆಕ್ಕಗಳನ್ನು ಯಂತ್ರವೇ ಕ್ಷಣಾರ್ಧದಲ್ಲಿ ಬರೆದುಕೊಡುತ್ತಿದೆ. ಅದನ್ನು ಅಲ್ಲಗಳೆಯುವುದು ಹುಡುಗಾಟ. ಬರಿಯ ಸಾಲುಗಳನ್ನು ಬರೆದು ಸಂಬಳ ಎಣಿಸುವ ಕಾಲ ಮೊದಲಿನಷ್ಟು ನಿಶ್ಚಿಂತವಾಗಿಲ್ಲವೆಂಬ ತಂದೆತಾಯಿಗಳ ಆತಂಕಕ್ಕೂ ಆಧಾರವಿದೆ. ಆದರೆ ಯಂತ್ರ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಆ ಸೊನ್ನೆಯ ಬಿಲ್ಲು ನುಸುಳಿದ್ದರೆ ಅದನ್ನು ಹಿಡಿಯುವವರಾರು? ನೆಲದ ಮೇಲೆ ಚೀಟಿ ಹರಡಿಕೊಂಡು ಕುಳಿತಿದ್ದವಳು ಹಿಡಿದಾಳು. ಬರೆದುಕೊಟ್ಟದ್ದನ್ನು ನಕಲು ಮಾಡಿ ಒಪ್ಪಿಸಿದವನು ಹಿಡಿಯಲಾರ. ಮೊದಲ ವರ್ಷದ ಮಟ್ಟಿಗಾದರೂ ಆ ಸಹಾಯದಿಂದ ದೂರವಿರುವುದು ಕ್ಷೇಮ.

ತಂದೆಯ ಫ್ರಿಜ್ಜಿನ ಹಣದ ವಿಷಯವೂ ಇತ್ಯರ್ಥವಾಗಬೇಕಷ್ಟೆ. ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಯೋಜನೆಯ ಪಾಠಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪ್ರಮಾಣಪತ್ರ ಬೇಕೆಂದು ಪರೀಕ್ಷೆ ಬರೆಯುವವರಿಗೆ ಮಾತ್ರ ಶುಲ್ಕ. ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಅವರು ಪೈಥಾನಿನ ಮೂಲಕ ಹೇಳಿದ ಪಾಠಮಾಲೆಯೂ, ರೋಪಡದ ಐ.ಐ.ಟಿ.ಯ ಸುದರ್ಶನ್ ಅಯ್ಯಂಗಾರರು ತೀರ ಹೊಸಬರಿಗಾಗಿ ನಡೆಸಿದ ಪಾಠಮಾಲೆಯೂ ಅಲ್ಲಿವೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆರಂಭಿಕ ಪಾಠವೂ ಹಣವಿಲ್ಲದೆ ದೊರೆಯುತ್ತದೆ. ಅದು ಮಕ್ಕಳ ಆಟದಂತಹ ಸ್ಕ್ರ್ಯಾಚ್‌ನಿಂದ ಆರಂಭವಾಗಿ ಸಿ ಭಾಷೆಯನ್ನು ಹಾಯ್ದು ಪೈಥಾನಿಗೆ ಬರುತ್ತದೆ. ಇವುಗಳಲ್ಲಿ ಒಂದನ್ನು ಹಿಡಿದು ಕೊನೆಯವರೆಗೆ ಹೋಗಬೇಕು. ಮೂರನ್ನೂ ಆರಂಭಿಸಿ ಮೂರನ್ನೂ ಎರಡನೆಯ ವಾರ ಕೈಬಿಡುವವರೇ ಹೆಚ್ಚು.

ಕರಪತ್ರದ ಹಿಂಬದಿ ಖಾಲಿಯಾಗಿತ್ತು. ಅದು ಮಾತ್ರೆಗಳನ್ನು ಎಣಿಸಲು ಉಪಯೋಗವಾಯಿತು. ಕಾಲೇಜು ಆರಂಭವಾಗುವ ಹಿಂದಿನ ವಾರ, ಸೋದರಮಾವ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಹುಡುಗಿ ತನ್ನ ಲಘು ಗುರುಗಳ ಲೆಕ್ಕವನ್ನು ಪೈಥಾನಿನಲ್ಲಿ ಆರು ಸಾಲುಗಳಾಗಿ ಬರೆದಳು. ಆರು ಮಾತ್ರೆಗಳಿಗೆ 13 ಬಂದಿತು. ಹತ್ತಕ್ಕೆ 89, ಕೈಯಲ್ಲಿ ಹಾಕಿದ ಲೆಕ್ಕಕ್ಕೆ ಸರಿಹೋಯಿತು. ಉತ್ಸಾಹದಿಂದ ನಲವತ್ತು ಎಂದು ಕೊಟ್ಟಳು. ಯಂತ್ರ ಸುಮ್ಮನಾಯಿತು. ಅಂಗಡಿಯ ಬಾಗಿಲು ಹಾಕಿ ಬಂದ ತಂದೆ ಕೈಕಾಲು ತೊಳೆಯಲು ಹೋದರೂ ಉತ್ತರವಿಲ್ಲ. ಬಹಳ ಹೊತ್ತಿನ ಮೇಲೆ ಪರದೆಯ ಮೇಲೆ 16,55,80,141 ಎಂಬ ಸಂಖ್ಯೆ ಮೂಡಿತು.

“ಕೆಟ್ಟುಹೋಯಿತೇನಮ್ಮ?” ಎಂದು ತಂದೆ ಕೇಳಿದ.

“ಇಲ್ಲಪ್ಪ. ಒಂದು ಸಲ ಹಾಕಿದ ಲೆಕ್ಕವನ್ನೇ ಮತ್ತೆ ಮತ್ತೆ ಹಾಕುತ್ತಿದೆ ಅಂತ ಕಾಣುತ್ತೆ,” ಎಂದು ಅವಳು ಪೆನ್ಸಿಲು ಹುಡುಕತೊಡಗಿದಳು.